ಬೇವಿನ ಮರಕ್ಕೊಂದು ಎಳೆ

ಹೊಂಗೆ ಮರದ ಅಳಿಲಮ್ಮನ ಮಗಳು ಎದುರಿನ ಬೇವಿನ ಮರದಲ್ಲಿ ತುಂಬು ಬಸುರಿ. ನೋವು ಬಂದಾಗ ಮಗಳು ಜಗ್ಗಿದರೆ ತನಗೆ ತಿಳಿಯಲಿ ಎಂದು, ಎರಡು ಮರಗಳ ನಡುವೆ ಒಂದು ಎಳೆ ಕಟ್ಟಿಕೊಡಲು ಅಳಿಲಮ್ಮ ಕೆಂಪು ಜೇಡವನ್ನು ಕೇಳಿದಳು.

“ನಾಳೆ ಬರ್ತೀನಿ. ಮನೆ ಬಿಟ್ಟು ಎಲ್ಲೂ ಹೋಗಬೇಡಿ, ನೀವಿಲ್ಲದಿದ್ದರೆ ಕೆಲಸ ರದ್ದಾಗುತ್ತೆ” ಎಂದಿತು ಜೇಡ.

ಅಳಿಲಮ್ಮ ಕಾದಳು. ಜೇಡ ಬರಲಿಲ್ಲ. ಕೂಗಿ ಕೇಳಿದರೆ, “ಬೇವಿನ ಕೊಂಬೆ ಕಪ್ಪು ಜೇಡನದು, ಅವನು ಬಿಟ್ಟುಕೊಡಬೇಕಲ್ಲ” ಎಂದಿತು.

ಕಪ್ಪು ಜೇಡ, “ಮೊದಲು ಅವನಿಗೆ ಬೇಡ ಅನ್ನಿ. ನಾಳೆಯೇ ಕಟ್ತೀನಿ, ಮನೆಯಲ್ಲೇ ಇರಿ” ಎಂದಿತು. ಅದು ಅರ್ಧ ಕಟ್ಟಿದ ಎಳೆಯನ್ನು ಕೆಂಪು ಜೇಡ ಕತ್ತರಿಸಿ, “ಹೊಂಗೆ ನನ್ನದು” ಎಂದಿತು. ಕಪ್ಪು ಜೇಡ ಮತ್ತೆ “ನಾಳೆ” ಎಂದಿತು. ಅಳಿಲಮ್ಮ ಮತ್ತೆ ಕಾದಳು.

ಒಂದು ಬೆಳಿಗ್ಗೆ ಕಾಗೆ ಬಂದು ಕೂತಿತು. “ಏನಮ್ಮಾ, ಇನ್ನೂ ಇಲ್ಲೇ ಇದ್ದೀಯ? ನಿನ್ನ ಮಗಳು ಹೆತ್ತಾಯಿತು. ಒಂದು ಮರಿ ಗೂಡಿನಿಂದ ಜಾರಿ ಬಿತ್ತು. ಹಿಡಿಯೋಕೆ ಯಾರೂ ಇರಲಿಲ್ಲ.”

ಅಳಿಲಮ್ಮ ಇಳಿದು ಓಡಿದಳು. ಕಾಗೆ ರೆಕ್ಕೆ ಬಿಚ್ಚುವಷ್ಟರಲ್ಲಿ ಅವಳು ಬೇವಿನ ಮರದಲ್ಲಿದ್ದಳು.

“ಎಳೆ ಕಟ್ಟೋರು ಬರ್ತಾರೆ ಅಂತ ಕಾಯ್ತಾ ಕೂತೆ ಕಣೇ” ಎಂದಳು.

ಮಗಳು ಉಳಿದ ಮರಿಯನ್ನು ತಾಯಿಯ ಮಡಿಲಿಗೆ ಹಾಕಿ, ಹೆತ್ತ ಮೇಲೆ ಮೊದಲ ಸಲ ನಿದ್ದೆಗೆ ಕಣ್ಣು ಮುಚ್ಚಿದಳು.