ಕತ್ತರಿ ಹಾಕದ ಸೀರೆ

“ಅಜ್ಜನವರೇ, ಮಾಡಬೇಕೆಂದು ತುಂಬ ಆಸೆಯಿರುವ ಕೆಲಸವನ್ನೇ ಶುರು ಮಾಡಲು ಯಾಕೆ ಇಷ್ಟು ಭಯವಾಗುತ್ತದೆ?” ಎಂದು ಶಿಷ್ಯ ಈರಭದ್ರ ಕೇಳಿದ.

ಮಠದ ಗುರುಗಳನ್ನು ಎಲ್ಲರೂ ಅಜ್ಜನವರು ಎಂದೇ ಕರೆಯುತ್ತಿದ್ದರು. ಹೊಳೆಯಾಚೆಯ ಹಳ್ಳಿಯವರು, ನಮ್ಮ ಮಕ್ಕಳಿಗೆ ನಾಲ್ಕಕ್ಷರ ಕಲಿಸಲು ಒಬ್ಬರನ್ನು ಕಳಿಸಿಕೊಡಿ ಎಂದು ಬಂದು ಕೇಳಿ ವರ್ಷ ಕಳೆದಿತ್ತು. ಅಜ್ಜನವರು ಈರಭದ್ರನಿಗೆ ಹೋಗು ಎಂದಿದ್ದರು. ಅವನು ಹೂಂ ಎಂದಿದ್ದ. ಹೋಗಿರಲಿಲ್ಲ.

“ಯಾವುದರ ಭಯ?” ಎಂದರು ಅಜ್ಜನವರು.

“ತಾವು ಪಾಠ ಹೇಳುವುದನ್ನು ನೋಡುತ್ತೇನೆ. ತಮ್ಮೆದುರು ಎಂಥ ದಡ್ಡ ಹುಡುಗನೂ ಹೆದರದೆ ಬಾಯಿ ಬಿಡುತ್ತಾನೆ. ನನಗೆ ಆ ರೀತಿ ಬರುವುದಿಲ್ಲ. ಮೊದಲ ದಿನವೇ ನಾನು ಕೆಡಿಸಿಬಿಟ್ಟರೆ ಆ ಮಕ್ಕಳು ಮತ್ತೆ ಪಾಟಿ ಮುಟ್ಟಲಿಕ್ಕಿಲ್ಲ. ಇನ್ನೂ ಸ್ವಲ್ಪ ದಿನ ತಮ್ಮ ಬಳಿ ಕೂತು ನೋಡುತ್ತೇನೆ.”

“ನೋಡಪ್ಪ, ನೋಡು. ನೋಡುವುದರಲ್ಲಿ ನಿನ್ನನ್ನು ಮೀರಿಸುವವರು ಈ ಮಠದಲ್ಲಿ ಯಾರೂ ಇಲ್ಲ,” ಎಂದರು ಅಜ್ಜನವರು. “ಕೂತುಕೋ. ಒಬ್ಬ ಹೆಂಗಸಿನ ಕತೆ ಹೇಳುತ್ತೇನೆ. ಮುಗಿಯುವ ತನಕ ನಡುವೆ ಬಾಯಿ ಹಾಕಬೇಡ.”

ಅಜ್ಜನವರು ಹೇಳಿದ ಕತೆ ಇದು.

ಒಂದು ಊರಲ್ಲಿ ಶಾವಂತ್ರೆವ್ವ ಎಂಬ ಹೆಂಗಸು ಇದ್ದಳು. ಗಂಡ ಕುರಿ ಕಾಯುವವನು. ಮಳೆಗಾಲ ಮುಗಿಯುತ್ತಲೇ ಕುರಿ ಹೊಡೆದುಕೊಂಡು ದೂರದ ಸೀಮೆಗೆ ಹೋಗುತ್ತಿದ್ದ, ಬೇಸಿಗೆಗೆ ತಿರುಗಿ ಬರುತ್ತಿದ್ದ. ಮನೆಯಲ್ಲಿ ಇದ್ದದ್ದು ಒಂದೇ ಕಂಬಳಿ. ಅದು ಅವನ ಹೆಗಲೇರಿ ಹೋಗುತ್ತಿತ್ತು. ಉಳಿಯುವವರು ಇವಳು, ಇವಳ ಎಳೆಗೂಸು. ಕೂಸಿಗೆ ಅದು ಮೊದಲ ಚಳಿಗಾಲ.

ಆ ಸೀಮೆಯಲ್ಲಿ ಬಡವರ ಹೊದಿಕೆ ಎಂದರೆ ಕೌದಿ. ಹಳೆಯ ಸೀರೆ, ಧೋತರ, ರುಮಾಲು, ಯಾವುದನ್ನೂ ಅವರು ಎಸೆಯುವುದಿಲ್ಲ. ಕತ್ತರಿಸಿ ತುಂಡು ಮಾಡಿ, ಒಂದರ ಮೇಲೊಂದು ಹಾಸಿ, ಅಂಚಿನಿಂದ ನಡುವಿಗೆ ಸುತ್ತಿಕೊಂಡು ಬರುತ್ತ ಹೊಲಿಯುತ್ತಾರೆ. ನಡುವೆ ಅಂಗೈಯಗಲ ಜಾಗ ಉಳಿದಾಗ ಅಲ್ಲಿ ಒಂದಿಷ್ಟು ಜೋಳದ ಕಾಳು ಇಟ್ಟು, ಮೇಲೆ ಚೌಕ ಬಟ್ಟೆ ಮುಚ್ಚಿ ಹೊಲಿದುಬಿಡುತ್ತಾರೆ. ಕೌದಿಯ ಹೊಟ್ಟೆ ತುಂಬಬೇಕಂತೆ. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲವಂತೆ. ನಗಬೇಡ ಈರಭದ್ರ, ನಮ್ಮ ನಿಮ್ಮ ಎಷ್ಟೋ ನಂಬಿಕೆಗಳಿಗಿಂತ ಇದು ವಾಸಿ.

ಶಾವಂತ್ರೆವ್ವನ ಪಕ್ಕದ ಮನೆಯಲ್ಲಿ ದುಂಡವ್ವ ಎಂಬ ಮುದುಕಿ ಇದ್ದಳು. ಅವಳು ಹೊಲಿದ ಒಂದು ಕೌದಿಯನ್ನು ನೋಡಲು ಬೇರೆ ಓಣಿಯಿಂದಲೂ ಜನ ಬರುತ್ತಿದ್ದರು. ನಡುವೆ ಕೆಂಪು ಚೌಕ. ಅದರ ಸುತ್ತ ತ್ರಿಕೋನಗಳ ಸಾಲು. ಎಲ್ಲ ತ್ರಿಕೋನಗಳ ತುದಿಯೂ ಪಕ್ಕದ್ದಕ್ಕೆ ಸರಿಯಾಗಿ ಕೂಡಿತ್ತು. ಹೊಲಿಗೆಯಂತೂ ಇರುವೆ ಸಾಲು ಹೋದ ಹಾಗೆ. ಶಾವಂತ್ರೆವ್ವ ಬಸುರಿಯಾದಾಗಿನಿಂದಲೂ ಆ ಕೌದಿಯನ್ನು ನೋಡಿ, ನನ್ನ ಕೂಸಿಗೂ ಇಂಥದ್ದೇ ಹೊಲಿಯಬೇಕು ಎಂದುಕೊಂಡಿದ್ದಳು. ಬಟ್ಟೆಗೆ ಕೊರತೆ ಇರಲಿಲ್ಲ. ತೀರಿಹೋದ ತಾಯಿಯ ಸೀರೆಗಳು ಅವಳ ಬಳಿ ಇದ್ದವು. ಉಟ್ಟು ಉಟ್ಟು ಮೆತ್ತಗಾದ ಇಳಕಲ್ ಸೀರೆಗಳು. ಕೌದಿಗೆ ಅದಕ್ಕಿಂತ ಒಳ್ಳೆಯ ಬಟ್ಟೆ ಬೇರೆ ಇಲ್ಲ.

ದಿನವೂ ಕೆಲಸ ಮುಗಿಸಿ, ಕೂಸನ್ನು ಎತ್ತಿಕೊಂಡು ದುಂಡವ್ವನ ಮನೆಗೆ ಹೋಗುತ್ತಿದ್ದಳು. ಕೌದಿಯ ಮೇಲೆ ಕೈಯಾಡಿಸುತ್ತಿದ್ದಳು. ಮನೆಗೆ ಬಂದು ಸೀರೆ ಹಾಸಿ, ಕತ್ತರಿ ಕೈಗೆ ತೆಗೆದುಕೊಳ್ಳುತ್ತಿದ್ದಳು. ಇಲ್ಲಿಂದ ಕತ್ತರಿಸಲೋ, ಅಲ್ಲಿಂದಲೋ? ಸೆರಗನ್ನು ನಡುವಿಗೆ ಹಾಕಲೋ, ಅಂಚಿಗೋ? ಒಮ್ಮೆ ಕತ್ತರಿಸಿದರೆ ಅದು ಮತ್ತೆ ಸೀರೆಯಾಗುವುದಿಲ್ಲ. ಕತ್ತರಿ ಕೆಳಗಿಡುತ್ತಿದ್ದಳು. ಸೀರೆ ಮಡಚುತ್ತಿದ್ದಳು.

ಒಂದು ದಿನ ಮುದುಕಿಯೇ ಕೇಳಿದಳು.

“ಯಾಕ ತಂಗಿ, ದಿನಾ ಬಂದು ಇದನ್ನ ನೋಡ್ತಿ. ನಿನ್ನ ಕೂಸಿಗೊಂದು ಹೊಲಿಯಾಕ ಏನಾಗೇತಿ?”

“ಹೊಲೀಬೇಕು ಬೇ ಆಯಿ. ಹೊಲದ್ರ ಇಂಥಾದ್ದ ಹೊಲೀಬೇಕು. ಅವ್ವನ ಸೀರಿಗೆ ಕತ್ತರಿ ಹಚ್ಚಾಕ ಹ್ವಾದ್ರ ಕೈ ನಡಗತಾವು. ಕೆಟ್ಟಿತಂದ್ರ ಅವ್ವನ ಸೀರಿನೂ ಇಲ್ಲ, ಕೌದೀನೂ ಇಲ್ಲ.”

“ಇದೇನ ನಂದು ಮೊದಲನೇ ಕೌದಿ ಅಲ್ಲಬಿಡ. ಮೊದಲನೇದ್ದು ಸೊಟ್ಟ ಇತ್ತು. ನನ್ನ ಹಿರೀ ಮಗಾ ಹೊದ್ದು ಹೊದ್ದು ಹರದಾನ. ಅದನ್ನ ನೀ ಎಲ್ಲಿ ನೋಡಿದಿ?” ಎಂದಳು ದುಂಡವ್ವ. ಒಳಗೆ ಹೋಗಿ ಒಂದು ಹಿಡಿ ಜೋಳ ತಂದು ಅವಳ ಉಡಿಗೆ ಹಾಕಿದಳು. “ತಗೋ, ಕೌದಿ ಹೊಟ್ಟಿ ತುಂಬಾಕ ನನ್ನ ಕೈಯಾನ ಕಾಳು. ನಾಳೆ ಸುರು ಮಾಡು. ಚಳಿ ಬಂತು.”

ಶಾವಂತ್ರೆವ್ವನಿಗೆ ಸಂತೋಷವಾಯಿತು. ಮೊದಲನೆಯದು ಸೊಟ್ಟಗಿತ್ತು ಎಂಬ ಮಾತನ್ನು ಮಾತ್ರ ಅವಳು ನಂಬಲಿಲ್ಲ. ನನ್ನನ್ನು ಸಮಾಧಾನ ಮಾಡಲು ಹೇಳಿದಳು ಎಂದುಕೊಂಡಳು. ನೀನಾಗಿದ್ದರೂ ಹಾಗೆಯೇ ಅಂದುಕೊಳ್ಳುತ್ತಿದ್ದೆ, ಈರಭದ್ರ. ದೊಡ್ಡವರು ನಿಜ ಹೇಳಿದಾಗ ಅದು ಅವರ ದೊಡ್ಡಗುಣ ಎಂದು ಕೈಮುಗಿದು ಆಚೆಗಿಡುವುದು ನಿಮಗೆಲ್ಲ ಚೆನ್ನಾಗಿ ಬರುತ್ತದೆ. ಮನೆಗೆ ಬಂದವಳು ಆ ಕಾಳನ್ನು ಒಂದು ಚಿಂದಿಯಲ್ಲಿ ಕಟ್ಟಿ, ತಾಯಿಯ ಸೀರೆಗಳ ನಡುವೆ ಇಟ್ಟು, ಗಂಟು ಕಟ್ಟಿದಳು. ಕೌದಿಗೆ ಬೇಕಾದದ್ದೆಲ್ಲ ಒಂದೇ ಕಡೆ ಇರಲಿ ಎಂದು ಗಂಟನ್ನು ಅಟ್ಟದ ಮೇಲೆ ಇಟ್ಟಳು. ಕೊನೆಗೆ ಬೇಕಾಗುವುದನ್ನು ಮೊದಲೇ ಹೊಂದಿಸಿ ಇಟ್ಟ ನೆಮ್ಮದಿಯಲ್ಲಿ ಅವತ್ತು ಚೆನ್ನಾಗಿ ಊಟ ಮಾಡಿದಳು.

ಮರುದಿನ ಶುರು ಮಾಡಬೇಕಿತ್ತು. ಆದರೆ ಆ ಊರಲ್ಲಿ ಇನ್ನೊಂದು ಮಾತಿತ್ತು. ಕೌದಿಯನ್ನು ಅರ್ಧ ಹೊಲಿದು ಬಿಡಬಾರದು, ಬಿಟ್ಟರೆ ಅದು ಯಾರಿಗಾಗಿ ಹೊಲಿದದ್ದೋ ಅವರಿಗೆ ಒಳ್ಳೆಯದಲ್ಲ ಎಂದು. ಶುರು ಮಾಡಿದವರು ಮುಗಿಸಲಿ ಎಂದು ಯಾರೋ ಹಿರಿಯರು ಹುಟ್ಟಿಸಿದ ಮಾತಿರಬೇಕು. ಅದು ಅವಳ ತಲೆಯೊಳಗೆ ತಿರುವುಮುರುವಾಗಿ ಕೂತಿತು. ಕತ್ತರಿಸಿದ ಮೇಲೆ ತ್ರಿಕೋನಗಳು ಕೂಡದೆ ಹೋದರೆ? ಬೇಸತ್ತು ನಡುವೆ ಕೈಬಿಟ್ಟರೆ? ಕೂಸಿಗೆ ಏನಾದರೂ ಆದರೆ? ಮೊದಲು ಸೀರೆ ಕೆಡುತ್ತದೆ ಎಂಬ ಭಯವಿತ್ತು. ಈಗ ಕೂಸಿನ ಜೀವದ ಭಯವೂ ಬಂದು ಸೇರಿತು. ಕೂಸಿಗಾಗಿ ಹೆದರುತ್ತಿದ್ದೇನೆ ಎಂದುಕೊಂಡ ಮೇಲೆ ಸುಮ್ಮನೆ ಕೂರುವುದು ಅವಳಿಗೆ ತಪ್ಪು ಎಂದೂ ಅನ್ನಿಸಲಿಲ್ಲ.

ಅಷ್ಟರಲ್ಲಿ ದುಂಡವ್ವ ಮಗಳ ಬಾಣಂತನಕ್ಕೆಂದು ಬೇರೆ ಊರಿಗೆ ಹೊರಟಳು. ಮೊಮ್ಮಗುವಿಗೆ ಹೊದಿಸಲು ಆ ಕೌದಿಯನ್ನೂ ಒಯ್ದಳು. ಶಾವಂತ್ರೆವ್ವ ಬಾಗಿಲಲ್ಲಿ ನಿಂತು ಗಾಡಿ ಹೋಗುವುದನ್ನು ನೋಡಿದಳು. ಕೌದಿ ಕಣ್ಣೆದುರು ಇದ್ದಾಗಲೇ ಧೈರ್ಯ ಬರಲಿಲ್ಲ, ಇನ್ನು ಏನನ್ನು ನೋಡಿ ಹೊಲಿಯಲಿ ಎನ್ನಿಸಿತು. ಆಯಿ ತಿರುಗಿ ಬರಲಿ ಎಂದುಕೊಂಡಳು. ಅಲ್ಲಿಂದ ಮುಂದೆ ಅಟ್ಟದ ಮೇಲಿನ ಗಂಟನ್ನು ಕೆಳಗಿಳಿಸಲೇ ಇಲ್ಲ. ಆ ಕಡೆ ನೋಡದೆ ಓಡಾಡಲು ಕಲಿತಳು.

ಚಳಿ ಯಾರನ್ನೂ ಕಾಯಲಿಲ್ಲ. ಬಯಲು ಸೀಮೆಯ ಗಾಳಿ ಬಾಗಿಲ ಸಂದಿಯಲ್ಲಿ ನುಗ್ಗುತ್ತಿತ್ತು. ಅವಳು ಸೆರಗನ್ನು ಇಮ್ಮಡಿ ಮಾಡಿ ಕೂಸಿಗೆ ಸುತ್ತುತ್ತಿದ್ದಳು. ಎದೆಗೊತ್ತಿಕೊಂಡು ಮಲಗುತ್ತಿದ್ದಳು. ಒಂದು ದಿನ ಕೂಸು ಕೆಮ್ಮಿತು. ನಾಲ್ಕಾರು ದಿನಕ್ಕೆ ಕೆಮ್ಮು ಎದೆಗಿಳಿಯಿತು. ಉಸಿರೆಳೆದರೆ ಒಳಗೆ ಗೊರಗೊರ ಎನ್ನುತ್ತಿತ್ತು. ನೆಟ್ಟಗೆ ಹಾಲು ಕುಡಿಯಲಿಲ್ಲ. ಅಳುವುದನ್ನೂ ಕಡಿಮೆ ಮಾಡಿತು. ಅಳದ ಕೂಸನ್ನು ಕಂಡರೆ ತಾಯಿಗೆ ಹೇಗಾಗುತ್ತದೆ ಎಂದು ನಾನು ನಿನಗೆ ಹೇಳಲಾರೆ.

ಬೆಳಗಿನ ಹೊತ್ತು. ಕೂಸಿನ ಅಂಗಾಲು ಹಿಡಿದು ನೋಡಿದಳು, ಕಲ್ಲಿನಂತೆ ತಣ್ಣಗಿತ್ತು. ಆಗ ಅವಳಿಗೆ ಅಟ್ಟದ ಗಂಟಿನ ನೆನಪಾಯಿತು. ಕೌದಿ ಹಾಳಾಗಲಿ, ಸೀರೆಗಳನ್ನೇ ಒಂದರ ಮೇಲೊಂದು ಸುತ್ತುತ್ತೇನೆ ಎಂದು ಕೂಸನ್ನು ಒಂದು ತೋಳಲ್ಲಿ ಅವುಚಿಕೊಂಡೇ ಏಣಿ ಹತ್ತಿದಳು. ಗಂಟು ಇಳಿಸಿದಳು. ಬಿಚ್ಚಿದಳು.

ಮೊದಲು ಒಂದು ಇಲಿ ಅವಳ ಕೈಮೇಲಿಂದ ಹಾರಿ ಓಡಿತು.

ಮುದುಕಿ ಕೊಟ್ಟ ಜೋಳದ ವಾಸನೆಗೆ ಬಂದದ್ದು ಅದು. ಕಾಳು ಒಂದೂ ಉಳಿದಿರಲಿಲ್ಲ. ಕಾಳು ಮುಗಿದ ಮೇಲೂ ಇಲಿ ಹೋಗಿರಲಿಲ್ಲ. ಅವಳು ಕತ್ತರಿ ಹಾಕಲು ಹೆದರಿದ್ದ ಸೀರೆಗಳನ್ನು ಅದು ಹಲ್ಲಿನಿಂದ ಕತ್ತರಿಸಿತ್ತು. ಸೆರಗು ಯಾವುದು, ಅಂಚು ಯಾವುದು ಎಂದು ನೋಡಿರಲಿಲ್ಲ. ತುಂಡುಗಳನ್ನು ಒಟ್ಟಿ, ತುಳಿದು, ನಡುವೆ ಗುಂಡಗೆ ಜಾಗ ಮಾಡಿತ್ತು. ಅದರೊಳಗೆ ಕಣ್ಣು ಬಿಡದ ಮರಿಗಳು ಒಂದಕ್ಕೊಂದು ಅಂಟಿಕೊಂಡು ಮಲಗಿದ್ದವು. ಮೈಮೇಲೆ ಒಂದು ಕೂದಲಿಲ್ಲ.

ಶಾವಂತ್ರೆವ್ವ ಅಲ್ಲಿ ಬೆರಳಿಟ್ಟು ನೋಡಿದಳು. ಒಳಗೆ ಬೆಚ್ಚಗಿತ್ತು.

ಒಂದು ಕೈಯಲ್ಲಿ ಆ ಬೆಚ್ಚನೆಯ ಬಟ್ಟೆ, ಇನ್ನೊಂದು ಕೈಯಲ್ಲಿ ತನ್ನ ಕೂಸಿನ ತಣ್ಣನೆಯ ಕಾಲು. ಇಷ್ಟು ದಿನ ಅವಳು ಹೆದರಿದ್ದೆಲ್ಲ ಈಗ ಬಂದ ಭಯದ ಮುಂದೆ ಏನೂ ಅಲ್ಲ. ಸೀರೆ ಕೆಟ್ಟಿತ್ತು. ಕೌದಿ ಆಗಿರಲಿಲ್ಲ. ಯಾವುದಾಗಬಾರದು ಎಂದು ಕೈಕಟ್ಟಿ ಕೂತಿದ್ದಳೋ ಅದು ಅವಳು ಕೈಕಟ್ಟಿ ಕೂತದ್ದರಿಂದಲೇ ಆಗಿತ್ತು.

ಆಮೇಲೆ ಅವಳು ಕೂತಳು. ಮರಿಗಳಿದ್ದಷ್ಟು ಬಟ್ಟೆಯನ್ನು ಹಾಗೆಯೇ ಎತ್ತಿ ಮೂಲೆಗಿಟ್ಟಳು. ಉಳಿದದ್ದನ್ನು ಕೊಡವಿ, ಬಿಸಿಲಿಗೆ ಹಿಡಿದು, ನೆಲದ ಮೇಲೆ ಹಾಸಿದಳು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಸೂಜಿಗೆ ದಾರ ಪೋಣಿಸಿದಳು. ಕೈ ನಡುಗುವುದು ನಿಲ್ಲಲಿಲ್ಲ. ಹೊಲಿಗೆ ಹಾವು ಹರಿದ ಹಾಗೆ ಹೋಯಿತು. ಕೆಂಪು ಚೌಕ ಇಲ್ಲ, ತ್ರಿಕೋನ ಇಲ್ಲ. ತೂತಿದ್ದಲ್ಲಿ ಇನ್ನೊಂದು ತುಂಡು ಇಟ್ಟಳು. ಸೂಜಿ ಬೆರಳಿಗೆ ಚುಚ್ಚಿದರೂ ನಿಲ್ಲಿಸಲಿಲ್ಲ. ಒಂದೇ ಸಮನೆ ಕೂಸಿನ ಉಸಿರಿನ ಸದ್ದು ಕೇಳಿಸಿಕೊಳ್ಳುತ್ತ ಹೊಲಿದಳು. ಹೊತ್ತು ಮುಳುಗುವ ಮೊದಲೇ ಕೂಸಿನ ಅಳತೆಯ ಕೌದಿಯಾಯಿತು. ಹೊಟ್ಟೆಗೆ ಇಡಲು ಜೋಳ ಹುಡುಕಲು ಹೋಗಲಿಲ್ಲ. ರೊಟ್ಟಿಯ ಚೂರೊಂದನ್ನು ಇಟ್ಟು ಮುಚ್ಚಿದಳು. ಕೌದಿಯನ್ನು ಕೂಸಿಗೆ ಸುತ್ತಿದಳು.

ಅಜ್ಜನವರು ಅಲ್ಲಿಗೆ ನಿಲ್ಲಿಸಿದರು.

ಅವರು ಮುಂದೆ ಹೇಳುವಂತೆ ಕಾಣಲಿಲ್ಲ. ಈರಭದ್ರನೇ ಕೇಳಿದ.

“ಕೂಸು ಉಳಿಯಿತೇ, ಅಜ್ಜನವರೇ?”

“ಅದನ್ನು ಹೇಳುವುದಿಲ್ಲ. ಉಳಿಯಿತು ಎಂದರೆ, ತಡವಾದರೂ ನಡೆಯುತ್ತದೆ ಎಂದು ಕೂರುತ್ತೀಯ. ಸತ್ತಿತು ಎಂದರೆ ಇನ್ನಷ್ಟು ಹೆದರಿ ಕೂರುತ್ತೀಯ. ಹೇಗೂ ಕೂರುವವನೇ ನೀನು.”

“ಹಾಗಾದರೆ ಈ ಕತೆಯಿಂದ ನಾನು ತಿಳಿಯಬೇಕಾದದ್ದು ಏನು?”

ಅಜ್ಜನವರು ಅವನ ಮುಖವನ್ನೇ ನೋಡಿ ಹೇಳಿದರು:

“ಆ ಇಲಿ ಯಾರ ಕೌದಿಯನ್ನು ನೋಡಿ ಶುರು ಮಾಡಿತು, ಅದನ್ನು ಹೇಳು.”