ಶಲ್ಯದ ಮರೆ

ಹೊಳೆದಂಡೆಯ ಆಶ್ರಮದಲ್ಲಿ ಶ್ರೀಪಾದನೆಂಬ ಶಿಷ್ಯನಿದ್ದ. ಜಪಕ್ಕೆ ಕೂತರೆ ಮೂಗಿನ ಮೇಲೆ ನೊಣ ಕೂತರೂ ಅಲುಗದವನೆಂದು ಹೆಸರು. ಆ ಹೆಸರನ್ನು ಹರಡಿದವನೂ ಬಹುಪಾಲು ಅವನೇ.

ಅಡುಗೆಯ ಸಾತಮ್ಮನಿಗೆ ಒಂದೂವರೆ ವರ್ಷದ ಮಗಳು, ಕಾವಿ. ತಾಯಿ ಕಣ್ಮರೆಯಾದರೆ ಸಾಕು, ಸೂರು ಹಾರಿಹೋಗುವಂತೆ ಅಳುತ್ತಿದ್ದಳು.

ಈಚೆಗೆ ಅವಳಿಗೊಂದು ಆಟ ಸಿಕ್ಕಿತ್ತು. ಶ್ರೀಪಾದ ಶಲ್ಯದ ಮರೆಯಲ್ಲಿ ಕೈಯಿಟ್ಟು ಜಪಕ್ಕೆ ಕೂತಾಗ ತಪ್ಪುಹೆಜ್ಜೆ ಇಡುತ್ತ ಬಂದು ಶಲ್ಯ ಎತ್ತುವುದು. ಒಳಗಿನ ಕೈ ಕಂಡು "ಕೂ!" ಎಂದು ನಗುವುದು. ತಾನೇ ಮುಚ್ಚಿ, ಮತ್ತೆ ಎತ್ತುವುದು.

ಒಂದು ದಿನ ಊರಿನ ಹಿರಿಯರು ಬಂದು ಅವನ ಜಪ ನೋಡುತ್ತ ಕೂತಿದ್ದರು. ಕಾವಿ ಬಂದು ಶಲ್ಯ ಎತ್ತಿದಳು. ಯಾರೋ ಕಿಸಕ್ಕೆಂದರು.

ಶ್ರೀಪಾದ ಅವಳ ಕೈಗೆ ಫಟ್ಟನೆ ಹೊಡೆದ.

ಕಾವಿ ಅಳಲಿಲ್ಲ. ಕೈಯನ್ನೇ ನೋಡಿಕೊಂಡಳು. ಆಮೇಲೆ ಅದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ಮರುದಿನ ಸಾತಮ್ಮ ಗುರುಗಳ ಮುಂದೆ ನಿಂತಳು. ಕಾವಿ ಅವಳ ಸೆರಗಿಗೇ ಜೋತುಬಿದ್ದಿದ್ದಳು.

"ನೆನ್ನೆ ಏಟು ಬಿದ್ದಾಗಿಂದ ಒಂದು ಕೊಡ ನೀರಿಗೂ ಹೋಗಕ್ಕೆ ಬಿಡ್ತಿಲ್ಲ, ಬುದ್ಧಿ. ಮೊನ್ನೆಮೊನ್ನೆ ಎಷ್ಟು ಸುಧಾರಿಸಿದ್ಲು! ಹೀಗಾದ್ರೆ ಕೆಲಸ ಬಿಟ್ಟು ಹೋಗ್ಬೇಕಾಗತ್ತೆ."

ಗುರುಗಳು ಶ್ರೀಪಾದನತ್ತ ತಿರುಗಿದರು. "ಏನಯ್ಯಾ, ಅವಳ ಪಾಠ ಯಾಕೆ ಕೆಡಿಸಿದೆ?"

"ಪಾಠವೇ? ಅದು ಆಟ, ಗುರುಗಳೇ."

"ಮುಚ್ಚಿದ್ದು ಇಲ್ಲವಾಗೋದಿಲ್ಲ ಅಂತ ಎತ್ತಿ ಎತ್ತಿ ನೋಡಿ ಕಲೀತಿದ್ದಳು. ಕೈ ಮರೆಯಾದ್ರೂ ಇರುತ್ತೆ ಅಂದ್ರೆ ಅಮ್ಮನೂ ಇರ್ತಾಳೆ. ನೀನು ಇಲ್ಲಿಗೆ ಏನು ಕಲಿಯೋಕೆ ಬಂದೆಯಪ್ಪ?"

ಅವನೂ ಅದನ್ನೇ, ಕಾಣದ ದೇವರೂ ಇದ್ದಾನೆಂಬುದನ್ನೇ, ಕಲಿಯಲು ಬಂದಿದ್ದ.

"ಪ್ರಾಯಶ್ಚಿತ್ತ ಹೇಳಿ. ಉಪವಾಸ ಇರಲೇ?"

"ಹೊಡೆದದ್ದು ದೇವರಿಗಾ? ಹೋಗು, ಮುಖಕ್ಕೆ ಶಲ್ಯ ಹೊದ್ದು ಅಡುಗೆಮನೆ ಬಾಗಿಲಲ್ಲಿ ಕೂತ್ಕೋ."

ಕೂತ. ಹೋಗಿಬರುವ ಸಹಪಾಠಿಗಳಿಗೆ ಹಬ್ಬ. "ಏನೋ ಶ್ರೀಪಾದ, ಗಂಡಿನ ಕಡೆಯವರು ಇನ್ನೂ ಬರಲಿಲ್ವಾ?"

ಶಲ್ಯದೊಳಗೆ ಅವನದೇ ಉಸಿರಿನ ಬಿಸಿ. ಪುಟ್ಟ ಗೆಜ್ಜೆಯೊಂದು ಹತ್ತಿರ ಬಂತು, ನಿಂತಿತು, ಹಿಂದೆ ಓಡಿತು. ಬಿಸಿಲು ಏರಿ ಇಳಿಯಿತು. ಯಾರೂ ಎತ್ತದಿದ್ದರೆ? ಅವನಿಗೆ ಮೊದಲ ಸಲ ಆ ಭಯವಾಯಿತು.

ಇಳಿಹೊತ್ತಿಗೆ ಶಲ್ಯದ ಅಂಚು ಅಲುಗಿತು. ಚೂರು ಎದ್ದು, ಬಿದ್ದಿತು. ಮತ್ತೆ ಎದ್ದಿತು.

ಕಾವಿ ಅವನ ಒದ್ದೆ ಮುಖ ನೋಡಿದಳು. ಆಮೇಲೆ ಅವನ ಕೈ ನೋಡಿದಳು. ಅವನು ಆ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ಕೂ," ಎಂದ.

ಅವಳು ನಕ್ಕೇಬಿಟ್ಟಳು. ಸಾತಮ್ಮ ಸದ್ದಿಲ್ಲದೆ ಕೊಡ ಎತ್ತಿಕೊಂಡು ಹೊಳೆಗೆ ಹೊರಟಳು. ಕಾವಿ ತಿರುಗಿ ನೋಡಿದಳು; ಅಳಲಿಲ್ಲ.

"ಗುರುಗಳೇ," ಬಾಗಿಲ ಬಳಿ ಬಂದು ನಿಂತವರತ್ತ ಶ್ರೀಪಾದ ತಿರುಗಿದ, "ಅವಳು ನನ್ನನ್ನ ಕ್ಷಮಿಸಿದಳಾ?"

ಗುರುಗಳೆಂದರು: "ಅದೆಲ್ಲ ಆಮೇಲೆ. ಶಲ್ಯ ಹೊದ್ಕೋ, ಮಗು ಕಾಯ್ತಿದೆ."