ಹುಣಸೆ ಮರದ ಬಾಗಿಲು

ಭಾವಮೈದುನನ ಬಳಿಯಿದ್ದ, ಮನೆಯಂತೆ ಉಳಿಯಬಹುದಾದ ಪ್ರವಾಸದ ವ್ಯಾನಿಗಿಂತ ತಮ್ಮದು ಮೇಲಾಗಬೇಕೆಂದು ಚಂದ್ರಚೂಡ ಸಾಹುಕಾರರು ಪುಟ್ಟ ವ್ಯಾನಿನೊಳಗೆ ದೊಡ್ಡ ಮಂಚ, ಫ್ರಿಜ್ಜು, ಮೇಲೆ ಸೋಲಾರ್ ಎಲ್ಲ ಹಾಕಿಸಿದರು. ಸಂಜೆ ಕರೆಂಟಿಲ್ಲದ ಬಯಲಿಗೆ ಬಂದಿಳಿದಾಗ ಡ್ರೈವರ್ ಕೇಳಿದ: "ನನಗೆ ಮಲಗೋಕೆ ಜಾಗ?"

"ಆ ಹುಣಸೆ ಮರದ ಬುಡವೇ ನಿನ್ನ ರೂಮು."

ಬೆಳಿಗ್ಗೆ ನೀರಿಗೆಂದು ಅವನು ವ್ಯಾನು ಹತ್ತಿದ.

"ಬಾಗಿಲು ತಟ್ಟೋದು ಗೊತ್ತಿಲ್ವೇನೋ ಕತ್ತೆ? ಇಳಿ ಕೆಳಗೆ!"

ಡ್ರೈವರ್ ಹಲ್ಲು ಕಚ್ಚಿ ಇಳಿದ. "ಸೋಲಾರಿಗೆ ಬಿಸಿಲು ಬೇಕು ಸಾರ್" ಎಂದು ವ್ಯಾನನ್ನು ಮರದ ನೆರಳಿನಿಂದ ತೆಗೆದು ನಡುಬಯಲಲ್ಲಿ ನಿಲ್ಲಿಸಿದ.

ಮಧ್ಯಾಹ್ನ ಒಳಗೆ ಬೆಂದುಹೋದ ಸಾಹುಕಾರರು ತಣ್ಣೀರಿನ ಬಾಟಲಿ ಹಿಡಿದು ಮರದಡಿಗೆ ಓಡಿ ಬಂದರು. ಮಲಗಿದ್ದವನು ಏಳಲಿಲ್ಲ.

"ಬಾಗಿಲು ತಟ್ಟೋದು ಗೊತ್ತಿಲ್ವಾ ಸಾರ್?"

"ಏನಂದೆ! ಈಗಲೇ ಕೆಲಸದಿಂದ ಕಿತ್ತುಹಾಕ್ತೀನಿ!"

"ಹಾಕಿ. ಗಾಡಿ ನೀವೇ ಓಡಿಸ್ಕೊಂಡು ಹೋಗಿ."

ಓಡಿಸಲು ಬಾರದ ಸಾಹುಕಾರರು ಸುತ್ತ ನೋಡಿದರು. ಬೇರೆಲ್ಲೂ ನೆರಳಿಲ್ಲ. ಮುಷ್ಟಿ ಬಿಗಿದು ಮರದ ಬೊಡ್ಡೆಯನ್ನು ತಟ್ಟಿದರು.

"ನೀರು ಇಲ್ಲಿ ಕೊಟ್ಟು ಒಳಗೆ ಬನ್ನಿ" ಎಂದ ಡ್ರೈವರ್.